ಪ್ಯಾಸೇಜಿಗೆ ಬಂದ ಬೀಗಿತ್ತಿಯರು

ಶಿಲ್ಪಾ ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಒಂದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ಪಾಸಾದಳು. ಗಣಿತದ ಅಂಕ ನೋಡಿ ಶಾಲೆಯ ಮೇಷ್ಟ್ರು ತಾವಾಗಿಯೇ ಚಳ್ಳಕೆರೆಯ ಮನೆಗೆ ಫೋನ್ ಮಾಡಿ ಹುಡುಗಿಯನ್ನು ಹೊಗಳಿದರು. ಹೊಗಳಿಕೆ ಮುಗಿದ ಮೇಲೆ ಇಂಗ್ಲಿಷಿನ ಮಾತು ಬಂತು. ಆಗ ಆ ಕಡೆ ಮೇಷ್ಟ್ರು, ಈ ಕಡೆ ಅವಳ ತಾಯಿ ದಾಕ್ಷಾಯಿಣಿ, ಇಬ್ಬರೂ ಮಾತು ಬದಲಿಸಿದರು. ಬಿಸಿಲಿನ ಬಗ್ಗೆ ಎರಡು ಮಾತಾಡಿ ಇಬ್ಬರೂ ಫೋನ್ ಇಟ್ಟರು.

ಎರಡನೇ ಪರೀಕ್ಷೆಗೆ ಮೂರು ವಾರವಿತ್ತು. ಅದರಲ್ಲಿ ಪಾಸಾದರೆ ಜೊತೆಯವರ ಸಂಗಡವೇ ಪಿಯುಸಿಗೆ ಸೇರಬಹುದು. ಮೂರನೇ ಪರೀಕ್ಷೆ ಅಂತಲೂ ಒಂದಿದೆಯಲ್ಲ ಎಂದು ಗೊಬ್ಬರದಂಗಡಿಯ ವೀರೇಶ್ ಮಗಳಿಗೆ ಸಮಾಧಾನ ಹೇಳಿದ. ಅಷ್ಟು ಹೊತ್ತಿಗೆ ವಿಜ್ಞಾನದ ಸೀಟೆಲ್ಲ ಭರ್ತಿಯಾಗಿರುತ್ತದೆ ಎಂದು ಮಗಳು ತಿಳಿಸಿದಳು. ಅವಳ ಗೆಳತಿ ಸರಿತಾ ಆಗಲೇ ಅರ್ಜಿ ಹಾಕಿಯಾಗಿತ್ತು. ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತವರು. ಕಾಲೇಜಿನಲ್ಲೂ ಪಕ್ಕದ ಜಾಗಕ್ಕೆ ಬ್ಯಾಗ್ ಇಟ್ಟು ಕಾಯುತ್ತೇನೆ ಎಂದು ಸರಿತಾ ಹೇಳಿಕಳಿಸಿದ್ದಳು. ಆ ಮಾತು ಕೇಳಿದ ದಿನ ಶಿಲ್ಪಾ ಅರ್ಧ ಮುದ್ದೆಗೆ ಕೈ ತೊಳೆದಳು.

ದಾಕ್ಷಾಯಿಣಿಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬಾಗಿಲ ಮುಂದಿನ ಕಟ್ಟೆ. ಸಂಜೆಯಾದರೆ ಮಗಳು ಅಲ್ಲಿ ಕೂತು ಕಾಲಾಡಿಸುತ್ತ, ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಫಲಿತಾಂಶ ಬಂದ ಮೇಲೆ ಕಟ್ಟೆ ಖಾಲಿಯಾಯಿತು. ಹಾಲು ಹಾಕುವವನೂ ಸೊಪ್ಪು ಮಾರುವವಳೂ ಮೊದಲು ಕೇಳುತ್ತಿದ್ದುದು ಒಂದೇ ಮಾತು: ಪಾಸಾ?

ಪೇಟೆಯಲ್ಲಿ ಮುತ್ತುರಾಜ್ ಎಂಬ ಮೇಷ್ಟ್ರು ತಮ್ಮ ಮನೆ ಮಾಳಿಗೆಯ ಮೇಲೆ, ತಗಡಿನ ಚಪ್ಪರದ ಕೆಳಗೆ ಟ್ಯೂಷನ್ ಹೇಳುತ್ತಿದ್ದರು. ಅವರ ಪ್ರಕಾರ ಇಂಗ್ಲಿಷಿಗೆ ಮದ್ದು ಒಂದೇ, ಪ್ಯಾಸೇಜು. ಅಂದರೆ ಒಂದು ಪುಟ್ಟ ಕಥೆ, ಸಾಲಿಗೊಂದು ಬಿಟ್ಟ ಸ್ಥಳ, ಪಕ್ಕದ ಕಂಸದಲ್ಲಿ ಒಂದು ಕ್ರಿಯಾಪದ. ಕಥೆಗೆ ಹೊಂದುವಂತೆ ಅದನ್ನು ತಿದ್ದಿ ಬರೆಯಬೇಕು. ದಿನಕ್ಕೊಂದು ಪ್ಯಾಸೇಜು ತುಂಬಿದರೆ ವಾಕ್ಯ ತಾನಾಗಿ ನಾಲಿಗೆಗೆ ಬರುತ್ತದೆ, ವಾಕ್ಯ ಬಂದವರಿಗೆ ಪತ್ರವೂ ಬರುತ್ತದೆ ಪ್ರಬಂಧವೂ ಬರುತ್ತದೆ ಎಂದು ಹೇಳಿ, ದಿಂಬಿನಷ್ಟು ದಪ್ಪದ ಜೆರಾಕ್ಸ್ ಕಟ್ಟನ್ನು ಶಿಲ್ಪಾಳ ಕೈಗಿಟ್ಟರು.

ಹುಡುಗಿ ಅದನ್ನು ದಿಂಬಾಗಿಯೇ ಬಳಸಿದಳು. ಅದರಲ್ಲಿದ್ದವರೆಲ್ಲ ಎಲ್ಲಿಯವರೋ. ಜಾನ್ ಎಂಬುವನು ಮ್ಯೂಸಿಯಮ್ಮಿಗೆ ಹೋಗುತ್ತಿದ್ದ. ಮಿಸೆಸ್ ಬ್ರೌನ್ ಎಂಬಾಕೆ ಕಿಟಕಿಯಲ್ಲಿ ಕೂತು ಹಿಮ ಬೀಳುವುದನ್ನು ನೋಡುತ್ತಿದ್ದಳು. ಇಲ್ಲಿ ಮೇ ತಿಂಗಳ ಬಿಸಿಲಿಗೆ ಅಂಗಳದ ಬಕೆಟ್ಟಿನ ನೀರು ಕಾದು ಕೈ ಸುಡುತ್ತಿತ್ತು. ಮಿಸೆಸ್ ಬ್ರೌನ್ ಎರಡನೇ ಸಾಲಿನಲ್ಲಿ ಸ್ವೆಟರ್ ಹಾಕಿಕೊಳ್ಳುವ ಹೊತ್ತಿಗೆ ಶಿಲ್ಪಾ ಫ್ಯಾನಿನ ಕೆಳಗೆ ನಿದ್ದೆ ಹೋಗಿರುತ್ತಿದ್ದಳು.

ಆದರೂ ಹಾಳೆಗಳು ತುಂಬುತ್ತಿದ್ದವು. ಹೇಗೆ ಎಂದು ದಾಕ್ಷಾಯಿಣಿ ಒಂದು ದಿನ ಬೇಳೆ ಆರಿಸುತ್ತ ಕಣ್ಣಾಡಿಸಿದಳು. ಎಲ್ಲ ಪ್ಯಾಸೇಜಿನ ಮೊದಲ ಜಾಗದಲ್ಲೂ ಒಂದೇ ಪದ, ಎರಡನೇ ಜಾಗದಲ್ಲೂ ಒಂದೇ ಪದ. ಕೊನೆಯದರಲ್ಲಿ ಜಾನ್ ಮ್ಯೂಸಿಯಮ್ಮನ್ನೇ ತಿಂದು ಮುಗಿಸಿದ್ದ.

ಇದೇನು ಎಂದು ಮೆಲ್ಲಗೆ ಕೇಳಿದ್ದಕ್ಕೆ ಶಿಲ್ಪಾ ಮುಚ್ಚುಮರೆ ಮಾಡಲಿಲ್ಲ. "ಅವ್ವ, ಅವನು ಯಾರು ಅಂತ್ಲೇ ನಂಗೆ ಗೊತ್ತಿಲ್ಲ. ಹೋದ್ರೇನು, ತಿಂದ್ರೇನು?"

ದಾಕ್ಷಾಯಿಣಿ ಮೊಳಕಾಲ್ಮುರಿನವಳು, ಅಲ್ಲಿಯೇ ಪಿಯುಸಿವರೆಗೆ ಓದಿದವಳು. ಇಂಗ್ಲಿಷಿಗೆ ತುಕ್ಕು ಹಿಡಿದಿತ್ತು, ಪೂರ್ತಿ ಉದುರಿರಲಿಲ್ಲ. ಮರುದಿನ ಬೆಳಗ್ಗೆ ಕುಕ್ಕರಿನ ಮೂರು ಕೂಗಿನ ನಡುವೆ, ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ತಾನೇ ಒಂದು ಪ್ಯಾಸೇಜು ಬರೆದಳು. ಜಾನ್ ಸಿಗುವಷ್ಟು ದೂರ ಹೋಗಲು ಅವಳಿಗೆ ಪುರುಸೊತ್ತಿರಲಿಲ್ಲ. ಕೈಗೆ ಸಿಕ್ಕವರು ಮನೆಯವರೇ.

ಆ ಇಂಗ್ಲಿಷ್ ಪ್ಯಾಸೇಜು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು. ಎದುರುಮನೆಯ ಸಿದ್ದಕ್ಕ ಬಂದು ಬಾಗಿಲು —— (ತಟ್ಟು). ಆಕೆಗೆ ನಮ್ಮ ಕುಕ್ಕರ್ —— (ಬೇಕಾಗು). ಆಗ ಅಡುಗೆಮನೆಯಲ್ಲಿ ತಿಪ್ಪೇರುದ್ರಮ್ಮ ಒಬ್ಬಳೇ —— (ಇರು). ಅವಳು ಅತ್ತ ಇತ್ತ —— (ನೋಡು). ರಾಗಿಹಿಟ್ಟಿನ ಡ್ರಮ್ಮಿನೊಳಗೆ ಮೊಳಕೈವರೆಗೆ ಕೈ —— (ಇಳಿಸು). ಬೆಲ್ಲದ ಅಚ್ಚೊಂದನ್ನು —— (ತೆಗೆ). ಹೀಗೆ ಹತ್ತು ಸಾಲು.

ತಿಪ್ಪೇರುದ್ರಮ್ಮ ದಾಕ್ಷಾಯಿಣಿಯ ಅತ್ತೆ. ಅವರಿಗೆ ಸಕ್ಕರೆ ಕಾಯಿಲೆ. ಅವರು ಬೆಲ್ಲ ಬಚ್ಚಿಡುವ ಜಾಗ ಮನೆಯವರಿಗೆಲ್ಲ ಗೊತ್ತು. ಗೊತ್ತು ಎಂಬುದು ಅವರಿಗೊಬ್ಬರಿಗೇ ಗೊತ್ತಿರಲಿಲ್ಲ.

ಶಿಲ್ಪಾ ಹಾಳೆಯನ್ನು ಅಸಡ್ಡೆಯಿಂದ ತೆಗೆದುಕೊಂಡು, ಮೂರನೇ ಸಾಲಿಗೆ ಎದ್ದು ಕೂತಳು. ಆರನೆಯದಕ್ಕೆ ಬಾಯಿಗೆ ಕೈ ಅಡ್ಡ ಹಿಡಿದಳು. ಹತ್ತರಲ್ಲಿ ಏಳು ಸರಿಯಿತ್ತು. ಏಳು ಎಂಬುದು ಆಕೆಗೆ ಮುಖ್ಯವಾಗಲೇ ಇಲ್ಲ, ಆಮೇಲೇನಾಯಿತು ಎಂದು ಕೇಳಿದಳು. ಆಮೇಲಿನದು ನಾಳೆ, ಮೂರು ತಪ್ಪನ್ನು ತಿದ್ದಿ ತೋರಿಸಿದ ಮೇಲೆ ಎಂದು ದಾಕ್ಷಾಯಿಣಿ ಒಗ್ಗರಣೆಗೆ ಎದ್ದಳು.

ಹೀಗೆ ಒಂದು ವಾರ ಸಾಗಿತು. ಹಾಸಿಗೆಯಲ್ಲಿ ಮಲಗಿಕೊಂಡೇ ಬಳ್ಳಾರಿ ರೋಡಿನಲ್ಲಿದ್ದೇನೆ ಎಂದು ಗಿರಾಕಿಗೆ ಫೋನಿನಲ್ಲಿ ಹೇಳುವ ವೀರೇಶ್ ಪ್ಯಾಸೇಜಿಗೆ ಬಂದ. ಒಯ್ದ ಕುಕ್ಕರನ್ನು ಸಿದ್ದಕ್ಕ ರಬ್ಬರಿಲ್ಲದೆ ವಾಪಸು ತಂದಳು. ಸಿದ್ದಕ್ಕ ಬಂದಾಗಲೆಲ್ಲ ತಿಪ್ಪೇರುದ್ರಮ್ಮನ ಬಾಯಲ್ಲಿ ಏನೋ ಇರುತ್ತಿತ್ತು, ಮಾತಾಡಲು ಆಗುತ್ತಿರಲಿಲ್ಲ. ಹತ್ತರಲ್ಲಿ ಎಂಟು ಬಂತು, ಒಂದು ದಿನ ಒಂಬತ್ತೂ ಬಂತು. ಮುತ್ತುರಾಜ್ ಸರ್ ಹಾಳೆ ನೋಡಿ ಕಾಗುಣಿತ ತಿದ್ದಿದರು, ನಕ್ಕರು, ಟ್ಯೂಷನ್ನಿನಲ್ಲಿ ಗಟ್ಟಿಯಾಗಿ ಓದಿದರು.

ತಪ್ಪಾದದ್ದು ಅಲ್ಲಿ. ಸಿದ್ದಕ್ಕನ ಮೊಮ್ಮಗಳೂ ಅದೇ ಟ್ಯೂಷನ್ನಿಗೆ ಹೋಗುತ್ತಿದ್ದಳು. ತಿಪ್ಪೇರುದ್ರಮ್ಮನವರ ಹೆಸರು ಇಂಗ್ಲಿಷಿನಲ್ಲಿ ಬಂದಿದೆ ಎಂಬ ಸುದ್ದಿ ಅವಳಿಗಿಂತ ಮೊದಲು ಕೇರಿ ಮುಟ್ಟಿತು. ಮಧ್ಯಾಹ್ನ ಅತ್ತೆ ಕನ್ನಡಕ ಒರೆಸಿಕೊಂಡು, ಚಾಪೆ ಹಾಸಿಕೊಂಡು ಕೂತು, ಇದ್ದಬದ್ದ ಹಾಳೆಗಳನ್ನೆಲ್ಲ ತರಿಸಿದರು. ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳು ಎಂದು ಮೊಮ್ಮಗಳಿಗೆ ಅಪ್ಪಣೆಯಾಯಿತು.

ಒಳಗೆ ದಾಕ್ಷಾಯಿಣಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಹದಿನೆಂಟು ವರ್ಷ ಸಂಸಾರ ಮಾಡಿ ಉಳಿಸಿಕೊಂಡು ಬಂದಿದ್ದೆಲ್ಲ ಒಂದು ಅಚ್ಚು ಬೆಲ್ಲಕ್ಕೆ ಹೋಗುತ್ತದೆ ಎಂದು ಅವಳಿಗೆ ಖಾತ್ರಿಯಾಯಿತು. ಓದು ಮುಗಿಯಿತು. ಆಮೇಲೆ ಅತ್ತೆಯ ದನಿ ಬಂತು.

"ದಾಕ್ಷಾಯಿಣಿ, ಬಾ ಇಲ್ಲಿ. ಸಿದ್ದಕ್ಕನ ಹೆಸರು ಮೊದಲ್ನೇ ಸಾಲಲ್ಲೈತೆ. ನಂದು ಮೂರನೇದ್ರಲ್ಲಿ. ಇದು ಯಾವ ಸೀಮೆ ಪದ್ಧತಿ?"

ದಾಕ್ಷಾಯಿಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಅತ್ತೆಯ ಕೋಪ ಹುಡುಗಾಟದ್ದಲ್ಲ ಎಂಬುದು ಅವಳಿಗೆ ತಿಳಿದಿತ್ತು. ಅವರ ಸಂಬಂಧಿಕರಲ್ಲಿ ಯಾರ ಮನೆಯ ಲಗ್ನಪತ್ರಿಕೆಯಾದರೂ ಅಚ್ಚಿಗೆ ಹೋಗುವ ಮೊದಲು ತಿಪ್ಪೇರುದ್ರಮ್ಮನವರ ಕಣ್ಣಿಗೆ ಬೀಳಲೇಬೇಕು. ಸುಖಾಗಮನ ಬಯಸುವವರಲ್ಲಿ ಯಾರು ಮೇಲೆ, ಯಾರು ಕೆಳಗೆ, ಯಾರಿಗೆ ದಪ್ಪಕ್ಷರ, ಯಾರ ಮುಂದೆ ಶ್ರೀಮತಿ, ಎಲ್ಲ ಅವರು ಹೇಳಿದಂತೆ. ಒಮ್ಮೆ ದೇವಸಮುದ್ರದ ಮದುವೆಯೊಂದರಲ್ಲಿ ತಮ್ಮ ಹೆಸರು ಕಿರಿಯ ವಾರಗಿತ್ತಿಯ ಕೆಳಗೆ ಬಂದಿದ್ದಕ್ಕೆ, ಅಕ್ಷತೆ ಹಾಕಿ, ಎಲೆಯಡಿಕೆ ಮಾತ್ರ ತೆಗೆದುಕೊಂಡು ಉಪವಾಸ ವಾಪಸು ಬಸ್ಸು ಹತ್ತಿದವರು. ಅವರ ಲೆಕ್ಕದಲ್ಲಿ ಹೆಸರು ಬರೆದ ಕಾಗದವೆಂದರೆ ಪತ್ರಿಕೆಯೇ. ಪ್ಯಾಸೇಜೂ ಒಂದು ಪತ್ರಿಕೆ.

ಅಂದಿನಿಂದ ಪ್ಯಾಸೇಜು ಅತ್ತೆಯ ಉಸ್ತುವಾರಿಗೆ ಹೋಯಿತು. ಮೇಲೆ ತಿಪ್ಪೇರುದ್ರಸ್ವಾಮಿ ಪ್ರಸನ್ನ ಎಂದು ಬರೆಯಬೇಕು. ಆಮೇಲೆ ಹಿರಿಯರು ಹಿರಿತನದ ಪ್ರಕಾರ ಬರಬೇಕು. ಬೆಲ್ಲ, ಡ್ರಮ್ಮು, ಕುಕ್ಕರು ಒಂದೂ ಕೂಡದು. ಹೆಸರಿದ್ದ ಮೇಲೆ ಹೆಸರಿಗೆ ತಕ್ಕ ನಡತೆ ಇರಬೇಕು. ಹೊಸ ಪ್ಯಾಸೇಜು ಹೀಗಾಯಿತು: ಶ್ರೀಮತಿ ತಿಪ್ಪೇರುದ್ರಮ್ಮನವರು ದಯಾಳು ——. ಅವರ ಯಜಮಾನರು ಅವರಿಗಿಂತ ದಯಾಳು ——. ಅವರ ಮಗ ವೀರೇಶ್ ಕೂಡ ದಯಾಳು ——. ಅವನ ಧರ್ಮಪತ್ನಿ, ಅವನ ಮಗಳು, ದಾವಣಗೆರೆಯ ದೊಡ್ಡ ನಾದಿನಿ, ಅವಳ ಗಂಡ, ಎಲ್ಲರೂ ಸಾಲಾಗಿ ದಯಾಳುಗಳು.

ಯಾರೂ ಎದ್ದು ನಿಲ್ಲಲಿಲ್ಲ, ಕೂರಲಿಲ್ಲ, ಏನೂ ಮಾಡಲಿಲ್ಲ. ಶಿಲ್ಪಾ ಎಲ್ಲ ಜಾಗದಲ್ಲೂ ‘ಈಸ್’ ಎಂದು ತುಂಬಿ ಎರಡು ನಿಮಿಷಕ್ಕೆ ಮಲಗಿದಳು. ತೀರಿಕೊಂಡು ಎಷ್ಟೋ ವರ್ಷವಾದ ಅಜ್ಜನ ಮುಂದೆಯೂ ಅದನ್ನೇ ಬರೆದಿದ್ದರಿಂದ, ಮುತ್ತುರಾಜ್ ಸರ್ ಆ ಸಾಲಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಕನ್ನಡದಲ್ಲೇ ‘ಇದ್ದಾರಾ?’ ಎಂದು ಕೇಳಿದ್ದರು. ಮರುದಿನ ಅವರದೇ ಕಟ್ಟಿನ ಒಂದು ಪ್ಯಾಸೇಜು ಕೊಟ್ಟು ನೋಡಿದರು. ಹತ್ತಕ್ಕೆ ಮೂರು. ಮನೆಯ ಪ್ಯಾಸೇಜುಗಳಿಗೆ ಏನಾಯಿತು, ಅವುಗಳಲ್ಲಿ ಯಾರಾದರೂ ಏನಾದರೂ ಎಡವಟ್ಟು ಮಾಡಲಿ ತಾಯೀ ಎಂದು ಫೋನಿನಲ್ಲಿ ಬೇಡಿಕೊಂಡರು.

ಪರೀಕ್ಷೆಗೆ ಹತ್ತು ದಿನವೂ ಉಳಿದಿರಲಿಲ್ಲ. ದಾಕ್ಷಾಯಿಣಿ ಗಂಡನಿಗೆ ಹೇಳಿ ನೋಡಿದಳು. ಬಿತ್ತನೆ ಶೇಂಗಾ ಬಂದಿದೆ, ಗೊಬ್ಬರದ ಲಾರಿ ಬಂದಿದೆ, ನಿಮ್ಮಿಬ್ಬರ ನಡುವಿನ ಇಂಗ್ಲಿಷಿಗೆ ನನ್ನನ್ನು ಎಳೆಯಬೇಡ ಎಂದು ಅವನು ಬೈಕು ಹತ್ತಿದ. ಕದ್ದು ಒಂದು ಪ್ಯಾಸೇಜು ಬರೆದಳು; ಅತ್ತೆ ಅದನ್ನೂ ಹಿಡಿದು ಓದಿಸಿದರು. ಸಂಜೆ ಮಗಳ ಹಾಸಿಗೆ ಝಾಡಿಸುವಾಗ ದಿಂಬಿನಡಿ ಕಾಲೇಜಿನ ಅರ್ಜಿ ಸಿಕ್ಕಿತು. ಹೆಸರು, ಊರು, ತಂದೆ ತಾಯಿ ಎಲ್ಲ ತುಂಬಿತ್ತು. ಇಂಗ್ಲಿಷಿನ ಅಂಕದ ಎದುರಿಗೆ ಪೆನ್ಸಿಲಿನಿಂದ ಏನೋ ಬರೆದು ಅಳಿಸಿ, ಬರೆದು ಅಳಿಸಿ, ಕಾಗದ ಸವೆದಿತ್ತು. ದಾಕ್ಷಾಯಿಣಿ ಅದನ್ನು ಇದ್ದ ಹಾಗೆಯೇ ಇಟ್ಟು ದಿಂಬು ಮುಚ್ಚಿದಳು.

ಅದೇ ಹೊತ್ತಿಗೆ ಮೊಳಕಾಲ್ಮುರಿನಿಂದ ಅವಳ ತಾಯಿ ಕೊಟ್ರಮ್ಮನ ಫೋನು ಬಂತು. ಕೊಟ್ರಮ್ಮನದು ರೇಷ್ಮೆ ಸೀರೆ ಅಂಗಡಿಯ ಮನೆ. ಆಂಧ್ರದ ಗಿರಾಕಿಗಳ ಜೊತೆ ದಿನವಿಡೀ ಮಾತಾಡಿ ಆಡಿ ಅವಳ ಮಾತಿನಲ್ಲಿ ತೆಲುಗು ನುಸುಳುತ್ತಿತ್ತು. ಮೊಮ್ಮಗಳು ಹೇಗೆ ಓದುತ್ತಿದ್ದಾಳೆ ಎಂದು ಕೇಳಲು ಮಾಡಿದ ಫೋನು ಬೇರೆ ಕಡೆಗೆ ತಿರುಗಿತು.

"ಬೀಗರ ಮನೆಯೋರ್ದೆಲ್ಲ ಹೆಸರು ಬಂದೈತಂತೆ ಪ್ಯಾಸೇಜಿನಾಗೆ. ನಮ್ಮ ಕಡೆಯೋರು ಯಾರೂ ಇಲ್ವಂತೆ. ಇರ್ಲಿ ಬಿಡಮ್ಮ, ಚಾಲು, ಇಷ್ಟೇ ಸಾಕು. ಹೆಣ್ಣು ಕೊಟ್ಟೋರು ನಾವು, ಎಲ್ಲಿದ್ರೇನು."

ದಾಕ್ಷಾಯಿಣಿ ತಲೆ ಮೇಲೆ ಕೈ ಹೊತ್ತು ಅತ್ತೆಯ ಹತ್ತಿರ ಹೋಗಿ, ನಮ್ಮವ್ವನದೂ ಒಂದು ಹೆಸರು ಸೇರಿಸೋಣವೇ ಎಂದಳು. ಯಾವ ಸಾಲಿಗೆ ಎಂದು ಅತ್ತೆ ಕೇಳಿದರು. ನಿಮ್ಮ ಕೆಳಗೇ ಇರಲಿ ಎಂದಳು. ಕೆಳಗೆ ಸರಿ, ಆದರೆ ಆಕೆಯೂ ದಯಾಳುವೋ ಎಂದು ಅತ್ತೆ ಹುಬ್ಬು ಗಂಟಿಕ್ಕಿದರು. ಮದುವೆಗೆ ಬಂದ ನಮ್ಮ ಕಡೆಯ ಹೆಂಗಸರಿಗೆ ಕುಪ್ಪಸದ ಕಣ ಕೊಟ್ಟಳಲ್ಲ, ಅದರಲ್ಲಿ ಹಿಮ್ಮೈ ಹೊಲಿದರೆ ಮುಮ್ಮೈಗೆ ಬಟ್ಟೆ ಉಳಿಯುತ್ತಿರಲಿಲ್ಲ ಎಂದರು.

ಆ ಮಾತು ಕೇಳಿ ದಾಕ್ಷಾಯಿಣಿಯ ಕಣ್ಣ ಮುಂದೆ ತನ್ನ ಮದುವೆಯೇ ಬಂದು ನಿಂತಿತು. ಬೀಗರ ಊಟದ ದಿನ ಅವಳ ತಾಯಿ ಒಂದು ಪಂಕ್ತಿಯಲ್ಲಿ, ಅತ್ತೆ ಎದುರು ಪಂಕ್ತಿಯಲ್ಲಿ ಕೂತು ಬೀಗರ ಪದ ಹಾಡಿದ್ದರು. ಬೀಗಿತ್ತಿಯ ಮೂಗು ಹಿಂಗೆ, ನಡಿಗೆ ಹಂಗೆ, ಸೀರೆ ಹಿಂಗೆ ಎಂದು ಒಬ್ಬರನ್ನೊಬ್ಬರು ಹೀಗಳೆದು ಕಟ್ಟಿ ಹಾಡುವ ಪದ. ಅದಕ್ಕೆ ಯಾರೂ ಮುನಿಸಿಕೊಳ್ಳುವಂತಿಲ್ಲ. ಹಾಡದಿದ್ದರೇ ಬೀಗರಿಗೆ ಮರ್ಯಾದೆ ಕಡಿಮೆಯಾಯಿತು ಎಂದು ಲೆಕ್ಕ. ಅವತ್ತು ಅನ್ನ ಆರಿದರೂ ಇಬ್ಬರೂ ಸೋಲಲಿಲ್ಲ. ಕೊನೆಗೆ ದನಿ ಬಿದ್ದು ಹೋಗಿ, ಒಬ್ಬರಿಗೊಬ್ಬರು ಮಜ್ಜಿಗೆ ಕುಡಿಸಿದ್ದರು.

"ಅತ್ತೆ," ಎಂದಳು ದಾಕ್ಷಾಯಿಣಿ, "ಹಂಗಾದ್ರೆ ನಮ್ಮವ್ವನ ಮೇಲೆ ನೀವೇ ಹೇಳ್ರಿ. ಬೀಗರ ಪದ ಅನ್ಕೊಂಡು ಹೇಳ್ರಿ. ಶಿಲ್ಪಾ ಇಂಗ್ಲಿಷಿಗೆ ಹಾಕ್ತಾಳೆ."

"ಇಂಗ್ಲಿಷಿನಾಗೆ ಬೀಗರ ಪದ ನಡೀತೈತಾ?"

"ಯಾಕ್ ನಡಿಯಲ್ಲ? ಅವರೂ ಮದ್ವೆ ಮಾಡ್ಕೊಂತಾರಲ್ಲ."

ಅತ್ತೆ ಎಲೆಯಡಿಕೆಯ ಚೀಲ ಬಿಚ್ಚಿದರು, ಒಂದು ಎಲೆಗೆ ಸುಣ್ಣ ಸವರಿದರು, ಬಾಯಿಗೆ ಹಾಕಿಕೊಳ್ಳುವುದನ್ನು ಮರೆತು ಶಿಲ್ಪಾಳನ್ನು ಕರೆದರು. ಬರಕೋ ಎಂದರು.

ಮೊಳಕಾಲ್ಮುರಿನ ಬೀಗಿತ್ತಿ ಹೊಸ ರೇಷ್ಮೆ ಸೀರೆ ಉಟ್ಟು ಚಳ್ಳಕೆರೆಗೆ ಬಂದಳು. ಬೆಲೆಯ ಚೀಟಿ ಬೆನ್ನ ಮೇಲೆ ನೇತಾಡುತ್ತಿತ್ತು. ಬೀಗರು ಓದಲಿ ಎಂದು ಬೀಗಿತ್ತಿ ಅತ್ತ ತಿರುಗಿಯೇ ಕೂತಳು. ಒಂದರ ಮೇಲೊಂದು ಹೋಳಿಗೆ ತಿಂದಳು. ಇನ್ನು ಹಿಡಿಸದು ಎಂದಾಗ ಉಳಿದಿದ್ದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡಳು. ದಾರಿಯಲ್ಲಿ ಇರುವೆಗಳು ಅವಳ ಹಿಂದೆಯೇ ಬಸ್ಸು ಹತ್ತಿದವು. ಕಂಡಕ್ಟರು ಇರುವೆಗಳಿಗೂ ಟಿಕೆಟ್ ಕೇಳಿದ. ಅವು ನಮ್ಮ ಕಡೆಯವಲ್ಲ, ಹುಡುಗನ ಕಡೆಯವು ಎಂದು ಬೀಗಿತ್ತಿ ಕಿಟಕಿಯಿಂದಾಚೆ ನೋಡಿದಳು.

ಶಿಲ್ಪಾ ನಿಘಂಟು ತರಲು ಓಡಿದಳು. ಇರುವೆಗಳು ಬಸ್ಸು ಹತ್ತುವುದನ್ನು ಇಂಗ್ಲಿಷಿಗೆ ಹಾಕಲು ಅವಳು ಅರ್ಧ ಸಂಜೆ ಕಷ್ಟಪಟ್ಟಳು. ಹಾಕಿದ್ದನ್ನು ಅಜ್ಜಿ ಕನ್ನಡದಲ್ಲಿ ವಾಪಸು ಕೇಳಿದರು. ಎಲ್ಲಾದರೂ ಕಾಲ ತಪ್ಪಿದ್ದರೆ ಅವರಿಗೆ ಕೂಡಲೇ ಗೊತ್ತಾಗುತ್ತಿತ್ತು, ಏಕೆಂದರೆ ಬೈಗುಳದ ಹದ ಕೆಡುತ್ತಿತ್ತು.

"ತಿಂತಾ ಇದಾಳೆ ಅಂದ್ರೆ ಇನ್ನಾ ಒಂದು ಬಡಿಸಬೇಕಾಗ್ತೈತೆ. ತಿಂದು ಮುಗಿಸಿದ್ಲು ಅಂತ ಹಾಕು."

ಫೋನಿನಲ್ಲಿ ಅದನ್ನು ಮೊಮ್ಮಗಳ ಬಾಯಿಂದಲೇ ಕೇಳಿ ಕೊಟ್ರಮ್ಮ, ಸರಿ, ಫೋನು ಇಡು ಎಂದು ತಾನೇ ಇಟ್ಟಳು. ದಾಕ್ಷಾಯಿಣಿ ಹಪ್ಪಳದ ಹಿಟ್ಟು ಕಲಸುವುದನ್ನು ನಿಲ್ಲಿಸಿ ಕಾದಳು. ಕಾಲು ಗಂಟೆಗೆ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಬಂತು. ಮೊದಲಿಗೆ ಎಂದಿನಂತೆ ಹಲೋ ಹಲೋ ಕೇಳ್ತೈತಾ ಎಂಬುದು; ಬಳಿಕ ಗಂಟಲು ಸರಿ ಮಾಡಿಕೊಂಡ ಸದ್ದು; ಬಳಿಕ ಚಳ್ಳಕೆರೆ ಬೀಗಿತ್ತಿಯ ವರ್ತಮಾನ.

ಬೀಗಿತ್ತಿ ಇದ್ದದ್ದು ಎಣ್ಣೆ ಮಿಲ್ಲುಗಳ ಊರಿನಲ್ಲಿ. ಆದರೂ ಅವಳ ಮನೆ ಬಾಗಿಲ ತಿರುಗಣಿ ಕಿರ್ ಎನ್ನುತ್ತಿತ್ತು. ಬೀಗರು ಬಂದ ದಿನ ಅವಳು ಒಂದು ತೊಟ್ಟು ಎಣ್ಣೆ ಹಿಡಿದು ಬಾಗಿಲಿಗೆ ಬಿಡಲೋ ಸಾರಿಗೆ ಬಿಡಲೋ ಎಂದು ಯೋಚಿಸಿದಳು. ಯೋಚಿಸಿ ವಾಪಸು ಬಾಟಲಿಗೇ ಬಿಟ್ಟಳು. ಊಟ ಮಾಡಿ ಎದ್ದ ಬೀಗರು ಹೋಗಿಬರುತ್ತೇವೆ ಎನ್ನಲು ಬಾಯಿ ತೆರೆದರು. ಎಲ್ಲರ ಗಂಟಲೂ ಬಾಗಿಲಿನಂತೆ ಕಿರ್ ಎಂದಿತು.

ತಿಪ್ಪೇರುದ್ರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಭುಜ ಕುಣಿಸಿ ನಕ್ಕರು. ಆಮೇಲೆ ಗಂಭೀರವಾಗಿ, ಪರವಾಗಿಲ್ಲ, ಆಕೆಗೆ ಇನ್ನೂ ಕಂಠ ಇದೆ ಎಂದರು. ಸುಮ್ಮನೆ ಎದ್ದು ಹೋಗಿ ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟು ಬಂದರು.

ಅಲ್ಲಿಂದ ದಿನಕ್ಕೆ ಎರಡು ಪ್ಯಾಸೇಜು. ಬೆಳಗ್ಗೆ ಚಳ್ಳಕೆರೆಯದು ಹೋಗುತ್ತಿತ್ತು, ಸಂಜೆ ಮೊಳಕಾಲ್ಮುರಿನದು ಬರುತ್ತಿತ್ತು. ಬೀಗಿತ್ತಿಯರಿಬ್ಬರೂ ಹೆಸರಿಲ್ಲದೆ ಬರೀ ಬೀಗಿತ್ತಿಯಾಗಿ ಬರುತ್ತಿದ್ದರಿಂದ ಯಾರು ಮೇಲೆ ಯಾರು ಕೆಳಗೆ ಎಂಬ ಮಾತೇ ಏಳಲಿಲ್ಲ. ದಾಕ್ಷಾಯಿಣಿ ಇಂಗ್ಲಿಷನ್ನು ಒಪ್ಪ ಮಾಡಿ, ಕ್ರಿಯಾಪದ ಕಿತ್ತು, ಬಿಟ್ಟ ಸ್ಥಳ ಮಾಡಿ, ಮರುದಿನಕ್ಕೆ ತೆಗೆದಿಡುತ್ತಿದ್ದಳು. ಶಿಲ್ಪಾ ಈಗ ತುಂಬುವವಳೂ ಹೌದು, ಕಟ್ಟುವವಳೂ ಹೌದು. ಹತ್ತಕ್ಕೆ ಹತ್ತು ಬಂದ ದಿನ ಅದನ್ನು ಯಾರಿಗೂ ಹೇಳಲು ಅವಳಿಗೆ ಪುರುಸೊತ್ತಾಗಲಿಲ್ಲ, ಅಜ್ಜಿ ಮುಂದಿನ ಸಾಲು ಹೇಳುತ್ತಿದ್ದರು.

ಪರೀಕ್ಷೆಗೆ ನಾಲ್ಕೈದು ದಿನವಿರುವಾಗ ಮೊಳಕಾಲ್ಮುರು ಸುಮ್ಮನಾಯಿತು. ಸಂಜೆ ಸಂದೇಶ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಅಂದು ಬೆಳಗ್ಗೆ ಕಳಿಸಿದ ಪ್ಯಾಸೇಜಿನಲ್ಲಿ ಬೀಗಿತ್ತಿ ಕನ್ನಡಿ ನೋಡಿದಾಗ ಕನ್ನಡಿಯೇ ಎದ್ದು ಗೋಡೆ ಕಡೆ ತಿರುಗಿಕೊಂಡಿತ್ತು. ಅದು ಅತಿಯಾಯಿತೇನೋ ಎಂದು ದಾಕ್ಷಾಯಿಣಿ ಫೋನನ್ನು ಮತ್ತೆ ಮತ್ತೆ ತೆಗೆದು ನೋಡಿದಳು. ತಿಪ್ಪೇರುದ್ರಮ್ಮ ತಾವೇನೂ ಯೋಚಿಸುತ್ತಿಲ್ಲ ಎಂದು ತೋರಿಸಲು ಮೂರು ಸಲ ಕಸ ಗುಡಿಸಿದರು. ಶಿಲ್ಪಾ ಪುಸ್ತಕ ಮುಚ್ಚಿಟ್ಟಳು. ತನ್ನ ಪರೀಕ್ಷೆಗೋಸ್ಕರ ಅಜ್ಜಿಯರಿಬ್ಬರೂ ಮಾತು ಬಿಟ್ಟರಾ ಎಂದು ಕೇಳಿದಳು. ದಾಕ್ಷಾಯಿಣಿ, ತಲೆಗೆ ಎಣ್ಣೆ ಹಚ್ಚುತ್ತೇನೆ ಬಾ ಎಂದಳು.

ಮರುದಿನ ಬೆಳಗಿನ ಬಸ್ಸಿಗೆ ಕೊಟ್ರಮ್ಮನೇ ಬಂದಿಳಿದಳು. ಒಂದು ಕೈಯಲ್ಲಿ ಬಟ್ಟೆ ಚೀಲ, ಒಂದು ಕೈಯಲ್ಲಿ ಶೇಂಗಾ ಉಂಡೆಯ ಡಬ್ಬಿ. ಬೆನ್ನ ಮೇಲೆ, ಸೆರಗಿಗೆ ಪಿನ್ನು ಹಾಕಿ ಸಿಕ್ಕಿಸಿದ ಅಂಗೈ ಅಗಲದ ಬೆಲೆ ಚೀಟಿ. ಬಸ್ ಸ್ಟ್ಯಾಂಡಿನಿಂದ ಹಾಗೆಯೇ ನಡೆದು ಬಂದಿದ್ದಳು. ಅಂಗಳದಲ್ಲಿ ನಿಂತು ನಿಧಾನಕ್ಕೆ ಒಂದು ಸುತ್ತು ತಿರುಗಿ ಬೀಗಿತ್ತಿಗೆ ಬೆನ್ನು ತೋರಿಸಿದಳು.

"ಓದ್ಕೊಳ್ರಿ ಬೀಗಿತ್ತಿಯವ್ರೆ. ಫೋನಿನಾಗೆ ಬೈದ್ರೆ ನಿಮ್ಮ ಮುಖ ಕಾಣ್ತಿರ್ಲಿಲ್ಲ. ಅದ್ಕೇ ಬಂದೆ."

ತಿಪ್ಪೇರುದ್ರಮ್ಮ ಪೊರಕೆ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ನಿಜವಾಗಿಯೂ ಓದಿದರು. "ಬಲು ಹೆಚ್ಚಾತು," ಎಂದರು. "ಕೈಕಾಲು ತೊಳ್ಕೊಂಡು ಬರ್ರಿ. ಕನ್ನಡಿ ತೆಗೆದಿಟ್ಟಿದೀನಿ."

ಪರೀಕ್ಷೆಯವರೆಗೆ ಕೊಟ್ರಮ್ಮ ಅಲ್ಲಿಯೇ ಉಳಿದಳು. ಸಂಜೆ ತಂಪಾಗುತ್ತಲೇ ಇಬ್ಬರೂ ಬಾಗಿಲ ಮುಂದಿನ ಕಟ್ಟೆಯ ಮೇಲೆ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂರುತ್ತಿದ್ದರು. ನಡುವೆ ಬರೆಯುವ ಹಲಗೆ ಹಿಡಿದು ಶಿಲ್ಪಾ. ಒಬ್ಬರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಬೇಕು, ಆಮೇಲೆ ಇನ್ನೊಬ್ಬರ ಉತ್ತರ. ಕೇರಿಯ ಹೆಂಗಸರು ಬಂದು ನಿಂತರು. ಹಾಲಿನವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ಪಾಸಾ ಎಂದು ಒಬ್ಬರೂ ಕೇಳಲಿಲ್ಲ. ಇವತ್ತು ಯಾರು ಗೆದ್ದರು ಎಂದು ಕೇಳುತ್ತಿದ್ದರು. ದಾಕ್ಷಾಯಿಣಿ ಒಳಗೆ ಇಬ್ಬರ ರುಚಿಗೂ ಬೇರೆ ಬೇರೆ ಸಾರು ಕುದಿಸುತ್ತ, ಮಗಳ ಕಾಲು ಕಟ್ಟೆಯಿಂದ ಇಳಿಬಿದ್ದು ಆಡುತ್ತಿರುವುದನ್ನು ಕಿಟಕಿಯಿಂದ ನೋಡುತ್ತಿದ್ದಳು.

ಪರೀಕ್ಷೆಯ ದಿನ ದಾಕ್ಷಾಯಿಣಿಯೂ ಅಜ್ಜಿಯರಿಬ್ಬರೂ ಶಾಲೆಯ ಗೇಟಿನ ಹೊರಗೆ ಬೇವಿನ ನೆರಳಿನಲ್ಲಿ ಕಾದರು. ಹೊರಬಂದ ಶಿಲ್ಪಾಳ ಮುಖದಲ್ಲಿ ಏನೂ ತಿಳಿಯುವಂತಿರಲಿಲ್ಲ. ಪ್ಯಾಸೇಜು ಬಂದಿತ್ತಾ ಎಂದು ಇಬ್ಬರೂ ಒಟ್ಟಿಗೇ ಕೇಳಿದರು. ಬಂದಿತ್ತು, ರಾಬರ್ಟ್ ಎಂಬುವನು ಸಮುದ್ರದ ದಂಡೆಯಲ್ಲಿ ದೀಪಸ್ತಂಭ ನೋಡಲು ಹೋಗಿದ್ದ. ಅಜ್ಜಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ರಾಬರ್ಟನ ವಿಷಯ ಯಾರೂ ಅವರಿಗೆ ಹೇಳಿರಲಿಲ್ಲ.

"ಮೊದ್ಲು ಗಾಬರಿ ಆತು," ಎಂದಳು ಶಿಲ್ಪಾ. "ಆಮೇಲೆ ಅವನನ್ನ ಬೀಗಿತ್ತಿ ಅನ್ಕೊಂಡೆ. ದೀಪಸ್ತಂಭ ಹತ್ತೋವಾಗ ಏದುಸಿರು ಬಿಡ್ತಿದ್ದ. ಅಲ್ಲಿಂದ ಎಲ್ಲ ಬಂತು."

ಯಾವ ಬೀಗಿತ್ತಿ ಎಂದು ಮಾತ್ರ ಅವಳು ಹೇಳಲಿಲ್ಲ. ಇಬ್ಬರೂ ಇನ್ನೊಬ್ಬರು ಎಂದುಕೊಂಡು ಸಮಾಧಾನವಾಗಿ ಮನೆಗೆ ಬಂದರು.

ಫಲಿತಾಂಶದ ಹೊತ್ತಿಗೆ ಕೊಟ್ರಮ್ಮ ಊರಿಗೆ ಹೋಗಿಯಾಗಿತ್ತು. ಮುತ್ತುರಾಜ್ ಸರ್ ಫೋನಿನಲ್ಲಿ ನೋಡಿ ಹೇಳಿದರು: ಐವತ್ತನಾಲ್ಕು. ವೀರೇಶ್ ಅಂಗಡಿಯಲ್ಲಿದ್ದವರಿಗೆಲ್ಲ ಕರದಂಟು ಹಂಚಿದ. ತಿಪ್ಪೇರುದ್ರಮ್ಮ ಮೊಳಕಾಲ್ಮುರಿಗೆ ತಾವೇ ಫೋನು ಹಚ್ಚಿ ಸುದ್ದಿ ಹೇಳಿದರು. ಬೈಯುವ ನೆಪ ಮುಗಿದಿದ್ದರಿಂದ ಇಬ್ಬರಿಗೂ ಮಾತು ಸಾಲದೆ, ಮಳೆ ಆಯಿತಾ, ನಿಮ್ಮ ಕಡೆ ಆಯಿತಾ ಎಂದು ಮರ್ಯಾದೆಯಾಗಿ ವಿಚಾರಿಸಿಕೊಂಡರು. ಶಿಲ್ಪಾ ಅರ್ಜಿಯ ಸವೆದ ಜಾಗದಲ್ಲಿ ಪೆನ್ನಿನಿಂದ ಅಂಕ ಬರೆದು, ಸರಿತಾಳ ಜೊತೆ ಹೋಗಿ ಕೊಟ್ಟು ಬಂದಳು.

ಸಂಜೆ ದಾಕ್ಷಾಯಿಣಿ ರೊಟ್ಟಿ ತಟ್ಟುತ್ತಿದ್ದಾಗ ಮಗಳು ಅಡುಗೆಮನೆಗೆ ಬಂದು, ಒಂದು ಹಾಳೆಯನ್ನು ಹಿಟ್ಟಿನ ಪಕ್ಕದಲ್ಲಿಟ್ಟಳು. ಅವಳೇ ಬರೆದ ಪ್ಯಾಸೇಜು. ಯಾರ ಸಹಾಯವೂ ಇಲ್ಲ ಎಂಬುದು ಚಿತ್ತುಕಾಟುಗಳಿಂದಲೇ ಗೊತ್ತಾಗುತ್ತಿತ್ತು. ಎಲ್ಲರ ಮೇಲೂ ಬರೆದೆ, ನಿನ್ನ ಮೇಲೆ ನೀನು ಒಂದೂ ಬರೆಯಲಿಲ್ಲ, ಇದನ್ನು ತುಂಬು ಎಂದಳು. ಕೈ ಹಿಟ್ಟಾಗಿದೆ ಎಂದರೆ ಕೇಳಲಿಲ್ಲ. ಬಾಯಲ್ಲಿ ಹೇಳು, ಬರೆಯುವವಳು ನಾನು ಎಂದಳು.

ದಾಕ್ಷಾಯಿಣಿ ಹೆಂಚಿನ ಉರಿ ತಗ್ಗಿಸಿ ಓದಿದಳು. ಮೊದಲನೇ ಫಲಿತಾಂಶದ ದಿನ ದಾಕ್ಷಾಯಿಣಿ ಬಚ್ಚಲಿಗೆ —— (ಹೋಗು). ಅಗುಳಿ —— (ಹಾಕು). ಯಾರಿಗೂ ಕೇಳದಿರಲಿ ಎಂದು ನಲ್ಲಿ —— (ತಿರುಗಿಸು). ತುಂಬಾ ಹೊತ್ತು —— (ಅಳು). ಮಗಳು ಹೊರಗೆ —— (ನಿಲ್ಲು). ಅವಳಿಗೆ ಎಲ್ಲ —— (ಕೇಳಿಸು).

ಯಾರಿಗೂ ಗೊತ್ತಿಲ್ಲ ಎಂದೇ ಅವಳು ಇಷ್ಟು ದಿನ ನಂಬಿದ್ದಳು. ಅಕ್ಷರಗಳು ಕಲಸಿಕೊಂಡವು. ಮೊದಲನೆಯದನ್ನು ಹೇಗೋ ಹೇಳಿದಳು. ಎರಡನೆಯದು ತಪ್ಪಿತು, ಮೂರನೆಯದೂ ತಪ್ಪಿತು. ಶಿಲ್ಪಾ ದಾಕ್ಷಿಣ್ಯವಿಲ್ಲದೆ ಕೆಂಪು ಪೆನ್ನಿನಿಂದ ಎರಡಕ್ಕೂ ತಪ್ಪು ಹಾಕಿದಳು.

"ಪೂರ್ತಿ ಓದಿ ಹೇಳವ್ವ. ಸುಮ್ನೆ ತುಂಬ್ಬೇಡ. ಇನ್ನಾ ಮುಂದೈತೆ."

ಮುಂದೆಯೂ ಇತ್ತು. ಅಳು ಮುಗಿಸಿದ ದಾಕ್ಷಾಯಿಣಿ ನಲ್ಲಿ ನಿಲ್ಲಿಸುವುದನ್ನು —— (ಮರೆ). ಮಾಳಿಗೆ ಮೇಲಿನ ಟ್ಯಾಂಕು ಪೂರ್ತಿ —— (ಖಾಲಿಯಾಗು). ತಲೆಗೆ ಸೋಪು ಹಚ್ಚಿಕೊಂಡಿದ್ದ ವೀರೇಶ್ ಟವೆಲ್ಲಿನಲ್ಲಿ ಅಂಗಳಕ್ಕೆ —— (ಓಡಿಬರು). ಸಿದ್ದಕ್ಕ ಅವನನ್ನು —— (ನೋಡು).

ಅದನ್ನು ಅವಳು ನಿಜಕ್ಕೂ ಮರೆತಿದ್ದಳು. ನಗು ಅಳುವಿಗಿಂತ ಮೊದಲು ಬಂತು, ಹಿಟ್ಟಿನ ಕೈಯನ್ನು ಹಾಗೆಯೇ ಮುಖಕ್ಕೆ ಒತ್ತಿಕೊಂಡಳು. ಹೆಂಚಿನ ಮೇಲೆ ರೊಟ್ಟಿ ಕಪ್ಪಾಗುತ್ತಿತ್ತು. ಅದನ್ನು ಮಗಳೇ ಬರಿಗೈಯಲ್ಲಿ ಚಿಮ್ಮಿಸಿ ಮಗುಚಿ, ಸುಟ್ಟ ಬೆರಳನ್ನು ಕಿವಿಗೆ ಹಿಡಿದುಕೊಂಡು, ಪೆನ್ನು ಎತ್ತಿ ಕಾದಳು. ದಾಕ್ಷಾಯಿಣಿ ಕಣ್ಣೊರೆಸಿಕೊಂಡು, ಈ ಸಲ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ಓದಿ, ಉಳಿದದ್ದನ್ನು ಒಂದೊಂದಾಗಿ ಹೇಳತೊಡಗಿದಳು.